ಸಫಾರಿ ಕ್ಯಾಂಪಿನ ಹಿತ್ತಲು

ಕಬಿನಿ ಹಿನ್ನೀರಿನ ಪಕ್ಕ, ಎಚ್‌.ಡಿ. ಕೋಟೆ ತಾಲ್ಲೂಕಿನ ಕಾಡಂಚಿನಲ್ಲಿ ಹತ್ತು ಟೆಂಟಿನ ಕ್ಯಾಂಪ್ ನಡೆಸುವ ಲೆಕ್ಕಾಚಾರ ಇದು. ಎಲ್ಲ ಟೆಂಟೂ ತುಂಬಿದ ದಿನ 20 ಗೆಸ್ಟ್‌ಗಳು, 16 ಸಿಬ್ಬಂದಿ. ಸಫಾರಿ ನಮ್ಮ ಕೈಯಲ್ಲಿಲ್ಲ. ಹುಲಿ ಸಂರಕ್ಷಿತ ಪ್ರದೇಶದೊಳಗೆ ನಮ್ಮ ಜೀಪು ಓಡಿಸುವಂತಿಲ್ಲ, ಅರಣ್ಯ ಇಲಾಖೆ ಮತ್ತು ಸರ್ಕಾರಿ ಸಂಸ್ಥೆಯಾದ ಜಂಗಲ್ ಲಾಡ್ಜಸ್ ವಾಹನಗಳಲ್ಲೇ ಹೋಗಬೇಕು. ಹಾಗಾಗಿ ‘ಪರಿಸರಸ್ನೇಹಿ’ ಎಂದು ಬೋರ್ಡು ಬರೆಸಿಕೊಂಡವರ ನಿಜವಾದ ಕೆಲಸ ಇರುವುದು ಅಡುಗೆಮನೆಯ ಹಿಂದೆ. ಯಾವ ಕ್ಯಾಂಪಿಗೆ ಹೋದರೂ ರಿಸೆಪ್ಷನ್ ನೋಡಿ ಮೆಚ್ಚಬೇಡಿ, ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ.

ಕಬಿನಿಯಲ್ಲಿ ಈ ಪ್ರಶ್ನೆಗೆ ಇನ್ನೂ ತೂಕ ಹೆಚ್ಚು. 1974ರಲ್ಲಿ ಬೀಚನಹಳ್ಳಿ ಅಣೆಕಟ್ಟು ಮುಗಿದ ಮೇಲೆ ಉಂಟಾದ ಹಿನ್ನೀರು ಮಳೆಗಾಲದಲ್ಲಿ ತುಂಬಿ, ಬೇಸಿಗೆಯಲ್ಲಿ ಹಿಂದೆ ಸರಿಯುತ್ತದೆ. ಸರಿದ ಕಡೆ ಹಸಿ ಹುಲ್ಲು ಚಿಗುರುತ್ತದೆ, ಆನೆಗಳು ಹಿಂಡುಹಿಂಡಾಗಿ ಅದಕ್ಕೇ ಬರುತ್ತವೆ. ಆಗಸ್ಟಿನಲ್ಲಿ ನೀರಿಗೆ ಬಿಟ್ಟ ಸೋಪು, ಜಿಡ್ಡು, ಫಿನಾಯಿಲ್ ಎಲ್ಲ ಏಪ್ರಿಲ್‌ನಲ್ಲಿ ಆನೆ ಮೇಯುವ ನೆಲಕ್ಕೇ ಇಳಿದಿರುತ್ತದೆ. ಆದ್ದರಿಂದ ನಮ್ಮಲ್ಲಿ ಹಿನ್ನೀರಿನತ್ತ ಒಂದೇ ಒಂದು ಪೈಪೂ ಹೋಗುವುದಿಲ್ಲ.

ನೀರಿನ ವಿಷಯದಲ್ಲಿ ಮೊದಲು ಬಳಕೆ ಇಳಿಸಬೇಕು, ಶುದ್ಧೀಕರಣ ಆಮೇಲಿನ ಮಾತು. ಸಾಮಾನ್ಯ ಶವರ್ ನಿಮಿಷಕ್ಕೆ ಸುಮಾರು 15 ಲೀಟರ್ ಸುರಿಯುತ್ತದೆ. ಅದರ ಕತ್ತಿನಲ್ಲಿ ಒಂದು ಸಣ್ಣ ತಡೆಬಿಲ್ಲೆ ಕೂರಿಸಿದರೆ 7 ಲೀಟರ್‌ಗೆ ಇಳಿಯುತ್ತದೆ. ಎಂಟು ನಿಮಿಷದ ಸ್ನಾನಕ್ಕೆ 120 ಲೀಟರ್ ಬದಲು 56 ಸಾಕು, ಗೆಸ್ಟಿಗೆ ವ್ಯತ್ಯಾಸವೂ ಗೊತ್ತಾಗುವುದಿಲ್ಲ. ಪ್ರತಿ ಬಚ್ಚಲಲ್ಲಿ ಬಕೆಟ್ಟು, ಚೊಂಬು ಇಟ್ಟರೆ ನಮ್ಮ ಕಡೆಯ ಅರ್ಧ ಜನ ಶವರ್ ತಿರುಗಿಸುವುದೇ ಇಲ್ಲ. ಇಷ್ಟಾದ ಮೇಲೆ ದಿನದ ಲೆಕ್ಕ ಹೀಗೆ ಬರುತ್ತದೆ: ಗೆಸ್ಟ್‌ಗಳಿಗೆ ತಲಾ 100 ಲೀಟರ್, ಸಿಬ್ಬಂದಿಗೆ ತಲಾ 60, ಅಡುಗೆಮನೆಗೆ 800, ಬಟ್ಟೆಗೆ 600. ಒಟ್ಟು 4,400 ಲೀಟರ್‌ನ ಆಸುಪಾಸು. ಇದರಲ್ಲಿ ಕಕ್ಕಸಿಗೆ ಹೋಗುವುದು 700–800. ಉಳಿದ ಮೂರೂವರೆ ಸಾವಿರ ಲೀಟರ್ ಬಚ್ಚಲು ಮತ್ತು ಮುಸುರೆ ನೀರು. ಇವೆರಡನ್ನೂ ಕಕ್ಕಸಿನ ನೀರಿನ ಜೊತೆ ಎಂದೂ ಬೆರೆಸಬಾರದು. ಬೆರೆತರೆ ಎಲ್ಲವೂ ಕೊಚ್ಚೆಯೇ.

ಮುಸುರೆ ನೀರು ಮೊದಲು ಜಿಡ್ಡು ತೊಟ್ಟಿಗೆ ಹೋಗಬೇಕು. ಮೂರು ಕೋಣೆಯ, 500 ಲೀಟರಿನ ಇಟ್ಟಿಗೆ ತೊಟ್ಟಿ ನಮ್ಮದು. ಒಂದು ಕೋಣೆಯಿಂದ ಇನ್ನೊಂದಕ್ಕೆ ನೀರು ದಾಟುವ ಪೈಪಿನ ಬಾಯಿ ಕೆಳಮುಖವಾಗಿ, ತೊಟ್ಟಿಯ ನಡುಮಟ್ಟಕ್ಕೆ ಇಳಿದಿರಬೇಕು. ಆಗ ಮೇಲೆ ತೇಲುವ ಜಿಡ್ಡು ಮೇಲೇ, ತಳಕ್ಕೆ ಕೂತ ಅನ್ನದ ಅಗುಳು ತಳದಲ್ಲೇ ಉಳಿಯುತ್ತವೆ. ಇದು ಕೈಕೊಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ, ಕುದಿನೀರಿಗೆ. ಬಾಣಲೆ ತೊಳೆದ ಬಿಸಿನೀರನ್ನು ಹಾಗೇ ಸಿಂಕಿಗೆ ಸುರಿದರೆ ಜಿಡ್ಡು ಕರಗಿ ಮೂರೂ ಕೋಣೆ ದಾಟುತ್ತದೆ, ಮುಂದಿನ ಪೈಪಿನಲ್ಲಿ ತಣ್ಣಗಾಗಿ ಮೇಣದಂತೆ ಗಟ್ಟಿಯಾಗುತ್ತದೆ. ಆಮೇಲೆ ಪೈಪು ಕತ್ತರಿಸುವುದೊಂದೇ ದಾರಿ. ಅದಕ್ಕೇ ಪಾತ್ರೆಯ ಜಿಡ್ಡನ್ನು ಮೊದಲು ಭತ್ತದ ಹೊಟ್ಟಿನಿಂದ ಒರೆಸಿ, ಹೊಟ್ಟನ್ನು ಗೊಬ್ಬರಕ್ಕೆ ಹಾಕಿ, ನಂತರ ತೊಳೆಯುವ ರೂಢಿ ಮಾಡಿದ್ದೇವೆ. ತೊಟ್ಟಿಯ ಮೇಲಿನ ಕೆನೆಯನ್ನು ಪ್ರತಿ ಸೋಮವಾರ ತೆಗೆಯಲೇಬೇಕು. ವಾಸನೆ ಬಂದಮೇಲೆ ತೆಗೆದರಾಯಿತು ಅಂದುಕೊಂಡರೆ ಅಷ್ಟರಲ್ಲಿ ಜಿಡ್ಡು ಮುಂದಕ್ಕೆ ಹೋಗಿಯಾಗಿರುತ್ತದೆ.

ತೊಟ್ಟಿ ದಾಟಿದ ನೀರೂ ಬಚ್ಚಲ ನೀರೂ ಸೇರುವುದು ಜಲ್ಲಿಯ ಗಿಡಹಾಸಿಗೆಗೆ. 10 ಮೀಟರ್ ಉದ್ದ, 4 ಮೀಟರ್ ಅಗಲ, 60 ಸೆಂಟಿಮೀಟರ್ ಆಳದ ಗುಂಡಿ. ತಳಕ್ಕೆ ಕೃಷಿಹೊಂಡಕ್ಕೆ ಹಾಸುವ 500 ಮೈಕ್ರಾನ್ ಹಾಳೆ, ಉದ್ದಕ್ಕೆ 10 ಸೆಂಟಿಮೀಟರ್ ಇಳಿಜಾರು. ನೀರು ಒಳಬರುವ ಕಡೆ ಮತ್ತು ಹೊರಹೋಗುವ ಕಡೆ ಅರ್ಧರ್ಧ ಮೀಟರ್ 40 ಎಂಎಂ ದಪ್ಪ ಜಲ್ಲಿ, ನಡುವೆ ಪೂರ್ತಿ 12–20 ಎಂಎಂ ಜಲ್ಲಿ. ಅದರಲ್ಲಿ ಕಾಬಾಳೆ, ಜೊಂಡು, ಲಾವಂಚ. ನೀರಿನ ಮಟ್ಟ ಜಲ್ಲಿಯ ಮೇಲ್ಮೈಗಿಂತ ಹತ್ತು ಸೆಂಟಿಮೀಟರ್ ಕೆಳಗೇ ಇರಬೇಕು, ಮೇಲೆ ಕಂಡರೆ ಸೊಳ್ಳೆ ಗ್ಯಾರಂಟಿ. ಹೊರಬಾಯಿಗೆ ತಿರುಗಿಸಬಹುದಾದ ಎಲ್ಬೋ ಪೈಪು ಹಾಕಿದರೆ ಮಟ್ಟವನ್ನು ಕೈಯಲ್ಲೇ ಏರಿಸಿ ಇಳಿಸಬಹುದು. ಜಲ್ಲಿಯ ಸಂದುಗಳಲ್ಲಿ ಸುಮಾರು ಏಳು ಸಾವಿರ ಲೀಟರ್ ಹಿಡಿಯುತ್ತದೆ, ಅಂದರೆ ನೀರು ಎರಡು ದಿನ ಬೇರುಗಳ ನಡುವೆ ಕಳೆಯುತ್ತದೆ. ಹೊರಬಂದದ್ದು ಹಣ್ಣಿನ ಗಿಡಗಳ ಬುಡಕ್ಕೆ ಹೋಗುತ್ತದೆ, ಸೊಪ್ಪಿನ ಮಡಿಗಲ್ಲ.

ಇಂಥ ಹಾಸಿಗೆ ಆರೇ ತಿಂಗಳಲ್ಲಿ ಕಟ್ಟಿಕೊಂಡರೆ ತಪ್ಪು ಗಿಡದ್ದಲ್ಲ, ಜಲ್ಲಿಯದು. ಕ್ರಷರಿನಿಂದ ಬಂದ ಲೋಡನ್ನು ಹಾಗೇ ಸುರಿದರೆ ಜೊತೆಗೆ ಬಂದ ಪುಡಿ ತಳಕ್ಕಿಳಿದು ಸಿಮೆಂಟಿನಂತೆ ಕೂರುತ್ತದೆ. ಒಂದೊಂದು ಬಾಣಲಿಯನ್ನೂ ತೊಳೆದೇ ತುಂಬಬೇಕು. ಬೇಸರದ ಕೆಲಸ ನಿಜ, ಆದರೆ ತುಂಬಿದ 24 ಘನ ಮೀಟರ್ ಜಲ್ಲಿಯನ್ನು ಮತ್ತೆ ಅಗೆದು ತೆಗೆಯುವುದಕ್ಕಿಂತ ವಾಸಿ.

ಕಕ್ಕಸಿಗೆ ಎರಡು ಕೋಣೆಯ ಸೆಪ್ಟಿಕ್ ಟ್ಯಾಂಕ್, ಆಮೇಲೆ ಇಂಗುಗುಂಡಿ. ಬೋರ್‌ವೆಲ್‌ನಿಂದಲೂ ಹಿನ್ನೀರು ತುಂಬಿದಾಗಿನ ಅಂಚಿನಿಂದಲೂ 30 ಮೀಟರ್‌ಗಿಂತ ಹೆಚ್ಚು ದೂರದಲ್ಲಿದೆ. ಅಂಚನ್ನು ಬೇಸಿಗೆಯಲ್ಲಿ ಅಳೆದು ಮೋಸಹೋಗಬೇಡಿ. ಟ್ಯಾಂಕಿನೊಳಗೆ ಕೆಲಸ ಮಾಡುವುದು ಸೂಕ್ಷ್ಮಾಣುಗಳು, ಅವನ್ನು ಕೊಲ್ಲುವುದು ಆಸಿಡ್, ಬ್ಲೀಚಿಂಗ್ ಪೌಡರ್, ಫಿನಾಯಿಲ್. ಇವು ಮೂರೂ ಸ್ಟೋರಿನಲ್ಲಿ ಇರಲೇಬಾರದು. ಇದ್ದರೆ ಇವತ್ತಲ್ಲ ನಾಳೆ ಯಾರಾದರೂ ಸುರಿದೇ ಸುರಿಯುತ್ತಾರೆ. ನಮ್ಮಲ್ಲಿ ನೆಲಕ್ಕೆ ಅಂಟುವಾಳದ ನೀರು, ಕಮೋಡಿನ ಕಲೆಗೆ ಅಡುಗೆ ಸೋಡಾ ಮತ್ತು ಗಟ್ಟಿ ಬ್ರಷ್ಷು. ‘ಫಿನಾಯಿಲ್ ವಾಸನೆ ಬರದಿದ್ದರೆ ಗೆಸ್ಟಿಗೆ ಕ್ಲೀನ್ ಅನಿಸಲ್ಲ ಸಾರ್’ ಎಂಬ ಮಾತು ಹೊಸ ಹುಡುಗರಿಂದ ಬಂದೇ ಬರುತ್ತದೆ. ಅವರಿಗೆ ಟ್ಯಾಂಕಿನ ಮುಚ್ಚಳ ತೆಗೆದು ತೋರಿಸುವುದೇ ಪಾಠ.

ಎಂಜಲಿನ ವಿಷಯ ಬೇರೆ ತರಹ. ಇಲ್ಲಿ ಮಾಲಿನ್ಯಕ್ಕಿಂತ ದೊಡ್ಡ ಅಪಾಯ ರುಚಿ. ಕಾಡುಹಂದಿಗೆ, ಕೋತಿಗೆ ಒಂದು ಸಲ ಅಡುಗೆಮನೆಯ ದಾರಿ ಗೊತ್ತಾದರೆ ಮುಗಿಯಿತು. ಎಂಜಲಿಗೆ ಬೀದಿನಾಯಿ ಬಂದರೆ ನಾಯಿಯ ಹಿಂದೆ ಚಿರತೆ ಬರುತ್ತದೆ. ಅದಕ್ಕೇ ಕ್ಯಾಂಪಿನಲ್ಲಿ ನಾಯಿ ಸಾಕುವಂತಿಲ್ಲ, ಹಲಸು ಮಾವು ಹಣ್ಣಾಗುವವರೆಗೆ ಮರದಲ್ಲಿ ಬಿಡುವಂತಿಲ್ಲ. ಹಲಸಿನ ವಾಸನೆಗೆ ಆನೆ ಎಷ್ಟು ದೂರದಿಂದ ಬರುತ್ತದೆ ಎಂಬುದು ಕಾಡಂಚಿನ ಯಾವ ರೈತರನ್ನು ಕೇಳಿದರೂ ಗೊತ್ತಾಗುತ್ತದೆ. ಕಾಯಿಯಾಗಿದ್ದಾಗಲೇ ಇಳಿಸಿ ಪಲ್ಯ ಮಾಡುತ್ತೇವೆ.

ಬೇಯಿಸಿದ್ದು ಉಳಿದರೆ, ದಿನಕ್ಕೆ ಸುಮಾರು ಆರು ಕಿಲೋ, ಗೋಬರ್ ಗ್ಯಾಸಿಗೆ ಹೋಗುತ್ತದೆ. ಇದರಿಂದ ಒಂದು ಒಲೆ ಒಂದೂವರೆ ಗಂಟೆ ಉರಿಯುವಷ್ಟು ಗ್ಯಾಸ್, ಸಿಬ್ಬಂದಿಯ ಬೆಳಗಿನ ಕಾಫಿಗೆ ಆಗುತ್ತದೆ. ಸಿಲಿಂಡರ್ ಉಳಿಸಲಿಕ್ಕೆಂದು ಇದನ್ನು ಕಟ್ಟಿಸಿದರೆ ನಿರಾಸೆ ಖಂಡಿತ. ಎಂಜಲು ರಾತ್ರಿಗೆ ಮುಂಚೆ ಮಾಯವಾಗಬೇಕು, ಕಟ್ಟಿಸುವುದು ಅದಕ್ಕೆ. ನಿಂಬೆ ಸಿಪ್ಪೆ, ಈರುಳ್ಳಿ ಸಿಪ್ಪೆ, ಮೊಟ್ಟೆಚಿಪ್ಪು, ಮೂಳೆ ಒಳಗೆ ಹೋಗಬಾರದು. ವಾರಾಂತ್ಯದಲ್ಲಿ ಒಮ್ಮೆಲೇ ಹದಿನೈದು ಕಿಲೋ ಅನ್ನ ಸುರಿದರೆ ಬಗ್ಗಡ ಹುಳಿಯಾಗಿ ಗ್ಯಾಸು ಹತ್ತಿಕೊಳ್ಳುವುದು ನಿಲ್ಲುತ್ತದೆ. ಆಗ ನಾಲ್ಕೈದು ದಿನ ಏನೂ ಹಾಕದೆ, ಎರಡು ಬಕೆಟ್ ಹಸಿ ಸಗಣಿ ಬಗ್ಗಡ ಬಿಟ್ಟು ಕಾಯಬೇಕು.

ತರಕಾರಿ ಸಿಪ್ಪೆ ಗೊಬ್ಬರದ ತೊಟ್ಟಿಗೆ. ಒಂದು ಘನ ಮೀಟರಿನ ಮೂರು ತೊಟ್ಟಿ, ಸೈಜುಗಲ್ಲಿನ ಗೋಡೆ, ಮೇಲೆ ಚೈನ್‌ಲಿಂಕ್ ಬಾಗಿಲು. ಒಂದು ಬುಟ್ಟಿ ಹಸಿಗೆ ಎರಡೂವರೆ ಬುಟ್ಟಿ ತರಗು, ವಾರಕ್ಕೊಮ್ಮೆ ಮಗುಚುವುದು. ಒಳಗೆ ಕಬ್ಬಿಣದ ಸರಳು ಹತ್ತು ನಿಮಿಷ ಚುಚ್ಚಿಟ್ಟು ತೆಗೆದಾಗ ಕೈಗೆ ಚುರುಕ್ ಎನ್ನುವಷ್ಟು ಬಿಸಿಯಿದ್ದರೆ ಸರಿಯಾಗಿದೆ ಎಂದರ್ಥ. ಸರಳು ತಣ್ಣಗಿದ್ದು ವಾಸನೆಯಿದ್ದರೆ ತರಗು ಕಡಿಮೆ, ತಣ್ಣಗಿದ್ದು ಒಣಗಿದ್ದರೆ ನೀರು ಕಡಿಮೆ. ಜನವರಿ, ಫೆಬ್ರವರಿಯಲ್ಲಿ ಉದುರುವ ತರಗನ್ನು ಸುಡದೆ ಗೋಣಿಚೀಲದಲ್ಲಿ ತುಂಬಿಡಬೇಕು, ಮಳೆಗಾಲದಲ್ಲಿ ಒಣ ಎಲೆ ಚಿನ್ನ.

ಒಣ ಕಸದಲ್ಲಿ ನಮಗೆ ಹೆಚ್ಚು ಮೋಸವಾದದ್ದು ‘ಎಲೆ ತಟ್ಟೆ’ಯಿಂದ. ಸಫಾರಿಗೆ ಕಟ್ಟಿಕೊಡುವ ತಿಂಡಿಗೆಂದು ತರಿಸಿದ ತಟ್ಟೆಯ ಮೇಲ್ಪದರ ಎಲೆ, ಒಳಪದರ ರಟ್ಟು, ನಡುವೆ ತೆಳು ಪ್ಲಾಸ್ಟಿಕ್. ಗೊಬ್ಬರದ ತೊಟ್ಟಿಯಲ್ಲಿ ಎರಡು ತಿಂಗಳಾದ ಮೇಲೆ ಎಲೆ ಕರಗಿ ಪ್ಲಾಸ್ಟಿಕ್ ಮಾತ್ರ ಪೊರೆಯ ಹಾಗೆ ಉಳಿದಿತ್ತು. ಕಾಗದದ ಕಾಫಿ ಲೋಟವೂ ಅಷ್ಟೇ. ತಟ್ಟೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ ಪದರ ಬಿಡಿಸಿ ನೋಡಿದರೆ ಬಣ್ಣ ಬಯಲಾಗುತ್ತದೆ. ಈಗ ಸ್ಟೀಲ್ ಡಬ್ಬಿ ಮತ್ತು ಕಡ್ಡಿಯಲ್ಲಿ ಹಚ್ಚಿದ ಮುತ್ತುಗದ ಎಲೆ. ಕುಡಿಯುವ ನೀರಿಗೆ ಆರ್‌ಒ ಬದಲು ಮರಳಿನ ಫಿಲ್ಟರ್ ಮತ್ತು ಯುವಿ (ರೋಗಾಣು ಕೊಲ್ಲುವ ಅತಿನೇರಳೆ ದೀಪ) ಹಾಕಿದ್ದೇವೆ, ನೀರಿನ ಪರೀಕ್ಷೆಯಲ್ಲಿ ಲವಣಾಂಶ ಕಡಿಮೆ ಬಂದರೆ ಮಾತ್ರ ಇದು ಸರಿ. ಆರ್‌ಒ ಒಂದು ಲೀಟರ್ ಕೊಡಲು ಅದಕ್ಕಿಂತ ಹೆಚ್ಚು ನೀರನ್ನು ಚರಂಡಿಗೆ ಬಿಡುತ್ತದೆ. ಬಾಟಲಿ, ಚಿಪ್ಸ್ ಪೊಟ್ಟಣ ತಂದ ಗೆಸ್ಟ್‌ಗಳಿಗೆ ಹೊರಡುವಾಗ ಅವರದೇ ಕಸವನ್ನು ಬಟ್ಟೆಚೀಲದಲ್ಲಿ ಹಾಕಿ ಕೊಡುತ್ತೇವೆ. ಮುಖ ಸಿಂಡರಿಸಿದವರು ಕಡಿಮೆ, ಅಚ್ಚರಿಪಟ್ಟವರೇ ಹೆಚ್ಚು. ಉಳಿದದ್ದನ್ನು ತೂಗಿ ಪುಸ್ತಕದಲ್ಲಿ ಬರೆದು ತಿಂಗಳಿಗೊಮ್ಮೆ ಮೈಸೂರಿಗೆ ಕಳಿಸುವುದು. ತೂಗದಿದ್ದರೆ ಕಸ ಕಡಿಮೆಯಾಗಿದೆ ಎಂಬ ಭ್ರಮೆ ತಾನಾಗಿಯೇ ಬರುತ್ತದೆ.

ವಿದ್ಯುತ್ತಿನ ಲೆಕ್ಕ: ಟೆಂಟಿಗೊಂದು ಕಡಿಮೆ ಕರೆಂಟ್ ತಿನ್ನುವ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು, ನಾಲ್ಕು 5 ವ್ಯಾಟ್ ಬಲ್ಬು, ಫೋನು ಚಾರ್ಜಿಂಗ್ ಸೇರಿ ದಿನಕ್ಕೆ ಅರ್ಧ ಯೂನಿಟ್ಟಿಗೂ ಕಡಿಮೆ. ಹತ್ತು ಟೆಂಟು, ಫ್ರೀಜರು, ಪಂಪು ಎಲ್ಲ ಕೂಡಿ ಹನ್ನೆರಡು ಯೂನಿಟ್. 5 ಕಿಲೋವ್ಯಾಟ್ ಸೋಲಾರ್ ಬಿಸಿಲುಗಾಲದಲ್ಲಿ ಇಪ್ಪತ್ತರ ಹತ್ತಿರ ಕೊಡುತ್ತದೆ, ಜುಲೈ ಮೋಡದಲ್ಲಿ ಅರ್ಧಕ್ಕೆ ಬೀಳುತ್ತದೆ. ಆಗ ಕರೆಂಟ್ ಲೈನೇ ಗತಿ, ಅದನ್ನು ಮುಚ್ಚಿಡುವುದಿಲ್ಲ. ಇಡೀ ವ್ಯವಸ್ಥೆಯನ್ನು ಮಲಗಿಸುವುದು 1,500 ವ್ಯಾಟಿನ ಕೆಟಲ್ ಮತ್ತು ಹೇರ್ ಡ್ರೈಯರ್. ಮೂರು ಟೆಂಟಿನಲ್ಲಿ ಒಟ್ಟಿಗೆ ಹಾಕಿದರೆ ಇನ್ವರ್ಟರ್ ಟ್ರಿಪ್. ಆದ್ದರಿಂದ ಕೋಣೆಗೆ ಕೆಟಲ್ ಬದಲು ಫ್ಲಾಸ್ಕ್. ಪ್ಯಾನೆಲ್ ಅಡಿಯ ವೈರುಗಳನ್ನು ಪೈಪಿನೊಳಗೆ ಸೇರಿಸಿ, ಇಲ್ಲದಿದ್ದರೆ ಕೋತಿಗಳು ಜಗ್ಗಿ ಕೀಳುತ್ತವೆ.

ರಾತ್ರಿ ಬೆಳಕು ಮೊಣಕಾಲಿಗಿಂತ ಎತ್ತರ ಇರಬಾರದು, ಮುಖ ನೆಲಕ್ಕಿರಬೇಕು, ಬಣ್ಣ ಹಳದಿ, 2,700 ಕೆಲ್ವಿನ್ ಮೀರಬಾರದು. ಬಿಳಿ ಬಲ್ಬಿಗೆ ಹುಳು ಮುತ್ತುತ್ತವೆ, ಹುಳುವಿಗೆ ಕಪ್ಪೆ, ಕಪ್ಪೆಗೆ ಹಾವು ಟೆಂಟಿನ ಮೆಟ್ಟಿಲವರೆಗೂ ಬರುತ್ತದೆ. ಇಲಿಪಾಷಾಣವೂ ನಿಷಿದ್ಧ: ವಿಷ ತಿಂದ ಇಲಿಯನ್ನು ತಿಂದು ಗೂಬೆ ಸಾಯುತ್ತದೆ. ಬೋನಿಡಿ.

ಸೋಲಾರ್ ಬೇಲಿ ಜಮೀನಿನ ಸುತ್ತ ಇಲ್ಲ, ಟೆಂಟು ಮತ್ತು ಅಡುಗೆಮನೆಯ ಸುತ್ತ ಮಾತ್ರ. ಉಳಿದ ಜಾಗ ಆನೆ ಓಡಾಡುವ ದಾರಿಯಾಗಿ ತೆರೆದೇ ಇದೆ. ಬೇಲಿಯಲ್ಲಿ 6,000 ವೋಲ್ಟ್‌ಗಿಂತ ಹೆಚ್ಚಿರಬೇಕು, ಟೆಸ್ಟರ್ ಹಿಡಿದು ದಿನಾ ಸಂಜೆ ನೋಡಬೇಕು. ಮಳೆಗಾಲದಲ್ಲಿ ಇಳಿದರೆ ತಂತಿಗೆ ಹುಲ್ಲು ತಾಗಿದೆ. ಏಪ್ರಿಲ್‌ನಲ್ಲಿ ತಂತಿ ಸರಿಯಿದ್ದೂ ಆನೆಗೆ ಹೊಡೆತ ತಾಗದಿದ್ದರೆ ಅರ್ತಿಂಗ್ ಒಣಗಿದೆ. ಎರಡು ಮೀಟರ್ ಆಳದ ಮೂರು ಸರಳಿನ ಬುಡಕ್ಕೆ ಇದ್ದಿಲು, ಉಪ್ಪು ಹಾಕಿ ವಾರಕ್ಕೆರಡು ಕೊಡ ನೀರು ಹುಯ್ಯಬೇಕು. ಮೇನ್ಸ್ ಕರೆಂಟನ್ನು ನೇರ ಬೇಲಿಗೆ ಕೊಡುವುದು ಅಪರಾಧ, ಆನೆಯನ್ನೂ ಮನುಷ್ಯನನ್ನೂ ಕೊಲ್ಲುತ್ತದೆ.

ಹಾಡಿಗಳಿಂದ (ಕಾಡಂಚಿನ ಬುಡಕಟ್ಟು ಜನರ ಕೇರಿಗಳು) ಬರುವ ಸಿಬ್ಬಂದಿಯ ಪಾಳಿ ಸಂಜೆ ಐದಕ್ಕೆ ಮುಗಿಯುತ್ತದೆ. ಕತ್ತಲಾದ ಮೇಲೆ ಆ ದಾರಿಯಲ್ಲಿ ನಡೆದು ಹೋಗಲು ಬಿಡುವುದು ತಪ್ಪು. ತಡವಾದರೆ ಕ್ಯಾಂಪಿನ ಜೀಪಿನಲ್ಲೇ ಮನೆಗೆ. ರಾತ್ರಿ ಊಟ ಬಡಿಸಲು ಇಲ್ಲೇ ಉಳಿಯುವವರಿಗೆ ಬೇರೆ ಕೋಣೆ. ಈ ಖರ್ಚನ್ನು ಟೆಂಟಿನ ಬಾಡಿಗೆಯಲ್ಲೇ ಲೆಕ್ಕ ಹಿಡಿಯಬೇಕು.

ಇನ್ನೂ ಬಗೆಹರಿಯದ್ದು ಜುಲೈ ತಿಂಗಳ ಬೆಡ್‌ಶೀಟು. ಮೂರು ದಿನಕ್ಕೊಮ್ಮೆ ಬದಲಿಸಿದರೂ ಒಣಗುವುದಿಲ್ಲ, ಟೆಂಟಿನ ಕ್ಯಾನ್ವಾಸಿಗೂ ಬೂಷ್ಟು. ಡ್ರೈಯರ್ ಹಾಕಿದರೆ ಸೋಲಾರ್ ಲೆಕ್ಕವೆಲ್ಲ ತಲೆಕೆಳಗು. ಸದ್ಯಕ್ಕೆ ನೀರು ಕಾಯಿಸುವ ಹಂಡೆಯೊಲೆಯ ಹೊಗೆಕೊಳವೆಯನ್ನು ಪಾರದರ್ಶಕ ಶೀಟಿನ ಶೆಡ್ಡಿನೊಳಗಿಂದ ಹಾಯಿಸಿ, ಅದರ ಎರಡೂ ಬದಿಗೆ ಹಗ್ಗ ಕಟ್ಟಿದ್ದೇವೆ. ಒಲೆಗೆ ತೆಂಗಿನ ಚಿಪ್ಪು ಮತ್ತು ಕಡಿದು ಒಣಗಿಸಿದ ಲಂಟಾನ ಎಂಬ ಕಳೆಗಿಡ. ಕೊಳವೆಯ ಕೀಲುಗಳಿಗೆ ಮಣ್ಣು ಮೆತ್ತದಿದ್ದರೆ ಶೀಟಿಗೆಲ್ಲ ಹೊಗೆ ವಾಸನೆ ಹಿಡಿಯುತ್ತದೆ, ಮೆತ್ತಿದ ಮಣ್ಣು ತಿಂಗಳಿಗೊಮ್ಮೆ ಬಿರಿಯುತ್ತದೆ. ಒಂದು ಸಾಲಿಗೆ ಎಂಟು ಶೀಟು, ಒಣಗಲು ಐದು ಗಂಟೆ.