ಹಳೆ ಗೋವಾದ ಸೆ ಕಥೀಡ್ರಲ್: ನೋಡಲು ಹೊರಡುವವರಿಗೆ

ಹಳೆ ಗೋವಾಕ್ಕೆ ಬರುವವರಲ್ಲಿ ಅನೇಕರು ಸಂತ ಫ್ರಾನ್ಸಿಸ್ ಝೇವಿಯರರ ಪಾರ್ಥಿವ ಶರೀರವಿರುವ ಬಾಂ ಜೀಸಸ್ ಬೆಸಿಲಿಕಾವನ್ನು ಮೊದಲು ನೋಡುತ್ತಾರೆ. ರಸ್ತೆಯ ಆಚೆ ಬದಿಯಲ್ಲಿರುವ ಸೆ ಕಥೀಡ್ರಲ್ಲಿಗೆ ಬರುವಷ್ಟರಲ್ಲಿ ಬಿಸಿಲೂ ಏರಿರುತ್ತದೆ, ಉತ್ಸಾಹವೂ ಇಳಿದಿರುತ್ತದೆ. ಈ ಕ್ರಮವನ್ನು ಬದಲಿಸಿ ಬೆಳಿಗ್ಗೆ ಮೊದಲು ಇಲ್ಲಿಗೇ ಬನ್ನಿ. ಕಥೀಡ್ರಲ್ಲಿನ ಮುಖ ಪೂರ್ವಕ್ಕಿದೆ. ಎಳೆಬಿಸಿಲು ಅದರ ಬಿಳಿ ಗೋಡೆಯ ಮೇಲೆ ನೇರವಾಗಿ ಬೀಳುವ ಹೊತ್ತಿನಲ್ಲಿ ಕಾಣುವ ಗಾಂಭೀರ್ಯ ಮಧ್ಯಾಹ್ನದ ನಂತರ ಕಾಣುವುದಿಲ್ಲ.

ಪಣಜಿಯಿಂದ ಇಲ್ಲಿಗೆ ಸುಮಾರು 10 ಕಿಲೋಮೀಟರ್. ಅಲ್ಲಿನ ಕದಂಬ ಬಸ್ ನಿಲ್ದಾಣದಿಂದ ಬಸ್ಸುಗಳಿವೆ. ಮಂಗಳೂರು, ಕಾರವಾರಗಳ ಕಡೆಯಿಂದ ಕೊಂಕಣ ರೈಲಿನಲ್ಲಿ ಬರುವವರಿಗೆ ಕರಮಳಿ ನಿಲ್ದಾಣ ಹತ್ತಿರ. ಸಂತ ಝೇವಿಯರರ ಹಬ್ಬ ಡಿಸೆಂಬರ್ 3ರಂದು. ಅದಕ್ಕೆ ಮುಂಚಿನ ದಿನಗಳಲ್ಲಿಯೂ ಇಲ್ಲಿ ಭಕ್ತರ ದಟ್ಟಣೆಯಿರುತ್ತದೆ. ಕಟ್ಟಡವನ್ನು ನಿಧಾನವಾಗಿ ನೋಡಬೇಕೆಂದಿರುವವರು ಬೇರೆ ದಿನವನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಒಳಗೆ ಹೋಗುವ ಮುನ್ನ ಹೊರಗಿನ ಹುಲ್ಲುಹಾಸಿನ ಬಳಿ ಸ್ವಲ್ಪ ಹೊತ್ತು ನಿಲ್ಲಿ. ಎದುರಿಗೆ ನಿಂತಾಗ ಎಡಗಡೆ ಗೋಪುರವಿದೆ, ಬಲಗಡೆ ಇಲ್ಲ. ಬಲಗಡೆ, ಅಂದರೆ ಉತ್ತರದಲ್ಲಿ, ಇದ್ದ ಗೋಪುರ 1776ರಲ್ಲಿ ಕುಸಿದುಬಿತ್ತು. ಅದನ್ನು ಮತ್ತೆ ಕಟ್ಟಲೇ ಇಲ್ಲ. ಈ ಕೊರತೆಯಲ್ಲಿ ನಗರದ ಕಥೆಯೇ ಅಡಗಿದೆ ಎಂದು ನನಗೆ ಅನ್ನಿಸುತ್ತದೆ: ಒಂದು ಕಾಲಕ್ಕೆ ಪೂರ್ವದೇಶಗಳಲ್ಲಿ ಪೋರ್ಚುಗೀಸರ ರಾಜಧಾನಿಯಾಗಿ ಮೆರೆದ ಊರು ಮೇಲಿಂದ ಮೇಲೆ ಬಂದ ಸಾಂಕ್ರಾಮಿಕ ರೋಗಗಳಿಂದ ಬರಿದಾಯಿತು, 1843ರಲ್ಲಿ ಪಣಜಿ ಅಧಿಕೃತ ರಾಜಧಾನಿಯಾಯಿತು. ಉಳಿದಿರುವ ದಕ್ಷಿಣದ ಗೋಪುರದಲ್ಲಿ 'ಚಿನ್ನದ ಗಂಟೆ' ಎಂದು ಹೆಸರಾದ ದೊಡ್ಡ ಗಂಟೆಯಿದೆ.

ಕನ್ನಡದ ಕಥೋಲಿಕರು ಪ್ರಧಾನಾಲಯ ಎಂದು ಕರೆಯುವ ಬಗೆಯ ಚರ್ಚು ಇದು. 'ಸೆ' ಎಂಬ ಪೋರ್ಚುಗೀಸ್ ಪದಕ್ಕೆ ಧರ್ಮಾಧ್ಯಕ್ಷರ (ಬಿಷಪ್) ಪೀಠವೆಂದೇ ಅರ್ಥ. 1510ರ ನವೆಂಬರ್ 25ರಂದು, ಅಲೆಕ್ಸಾಂಡ್ರಿಯದ ಸಂತ ಕ್ಯಾಥರೀನಳ ಹಬ್ಬದ ದಿನ, ಪೋರ್ಚುಗೀಸ್ ಸೇನಾನಿ ಅಫೋನ್ಸೊ ಅಲ್ಬುಕರ್ಕ್ ವಿಜಯಪುರದ ಆದಿಲ್‌ಶಾಹಿಗಳಿಂದ ಗೋವಾವನ್ನು ಗೆದ್ದುಕೊಂಡ ಕಾರಣ ಕಥೀಡ್ರಲ್ ಆ ಸಂತಳಿಗೆ ಅರ್ಪಿತವಾಯಿತು. ಈಗಿನ ಕಟ್ಟಡದ ಕೆಲಸ 1562ರಲ್ಲಿ ಆರಂಭವಾಗಿ 1619ರ ವೇಳೆಗೆ ಬಹುಮಟ್ಟಿಗೆ ಮುಗಿಯಿತಾದರೂ, ಬಲಿಪೀಠಗಳು (ಪೂಜೆ ನಡೆಸುವ ವೇದಿಕೆಗಳು) ಪೂರ್ಣಗೊಂಡದ್ದು 1652ರಲ್ಲಿ.

ಒಳಗೆ ಕಾಲಿಟ್ಟೊಡನೆ ಮುಖ್ಯ ಬಲಿಪೀಠದತ್ತ ಧಾವಿಸಬೇಡಿ. ಮೊದಲು ಪ್ರವೇಶದ್ವಾರದ ಬಳಿಯಿರುವ ಜ್ಞಾನಸ್ನಾನದ (ಕ್ರೈಸ್ತ ದೀಕ್ಷೆಯ ಸ್ನಾನ) ಕಲ್ಲಿನ ತೊಟ್ಟಿಯನ್ನು ಹುಡುಕಿ ನೋಡಿ. ಅದು 1532ರದು, ಅಂದರೆ ಈ ಕಟ್ಟಡಕ್ಕಿಂತ 30 ವರ್ಷ ಹಿರಿಯದು. 1542ರಲ್ಲಿ ಗೋವಾಕ್ಕೆ ಬಂದ ಝೇವಿಯರರು ಇದೇ ತೊಟ್ಟಿಯಲ್ಲಿ ಜನರಿಗೆ ಜ್ಞಾನಸ್ನಾನ ಕೊಟ್ಟರೆಂಬ ನಂಬಿಕೆಯಿದೆ. ಅನಂತರ ನಡುವಿನ ಅಂಕಣದಲ್ಲಿ ನಿಂತು ಮೇಲಿನ ಕಮಾನು ಚಾವಣಿಯನ್ನು ನೋಡಿದರೆ 76 ಮೀಟರ್ ಉದ್ದದ ಈ ಕಟ್ಟಡದ ಅಳತೆ ಮನಸ್ಸಿಗೆ ಬರುತ್ತದೆ. ಹೊರಗೆ ಸರಳವಾಗಿರುವ ಟಸ್ಕನ್ ಶೈಲಿ ಒಳಗೆ ಹೆಚ್ಚು ಅಲಂಕಾರದ ಕೊರಿಂಥಿಯನ್ ಶೈಲಿಗೆ ತಿರುಗಿರುವುದನ್ನು ಇಲ್ಲಿಂದಲೇ ಗಮನಿಸಬಹುದು. ಎರಡು ಪಕ್ಕಗಳಲ್ಲಿ ಕಿರುಗುಡಿಗಳ ಸಾಲುಗಳಿವೆ. ಅವುಗಳಲ್ಲಿ ಪರಮಪ್ರಸಾದದ (ಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿ) ಗುಡಿ ಮತ್ತು ಪವಾಡದ ಶಿಲುಬೆಯ ಗುಡಿಗಳ ಮುಂದಿರುವ ಮರದ ಜಾಲರಿಗಳ ಕೆತ್ತನೆಯನ್ನು ಹತ್ತಿರದಿಂದ ನೋಡಬೇಕು. 1619ರಲ್ಲಿ ಆ ಶಿಲುಬೆಯ ಮೇಲೆ ಕ್ರಿಸ್ತನ ದರ್ಶನವಾಯಿತೆಂದೂ, ಶಿಲುಬೆ ಬೆಳೆಯುತ್ತಿದೆಯೆಂದೂ ಭಕ್ತರು ನಂಬುತ್ತಾರೆ; ಅಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿರುವವರ ಮುಂದೆ ಹಾದುಹೋಗದೆ ಹಿಂದಿನಿಂದ ನೋಡಿ. ಮುಖ್ಯ ಬಲಿಪೀಠವನ್ನು ಕೊನೆಗೆ ಇರಿಸಿಕೊಳ್ಳಿ. ಅದರ ಹಿಂಬದಿಯನ್ನು ತುಂಬಿರುವ ಚಿನ್ನದ ಲೇಪದ ಕೆತ್ತನೆಯಲ್ಲಿ ಕ್ಯಾಥರೀನಳು ಹುತಾತ್ಮಳಾದ ಕಥೆಯ ದೃಶ್ಯಗಳಿವೆ. ಬೆಳಕಿಗೆ ಕಣ್ಣು ಹೊಂದಿಕೊಳ್ಳುವವರೆಗೆ ಮುಂದಿನ ಬೆಂಚಿನಲ್ಲಿ ಕುಳಿತರೆ ಒಂದೊಂದೇ ದೃಶ್ಯ ಬಿಡಿಯಾಗಿ ತಿಳಿಯುತ್ತದೆ.

1986ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣದ ಭಾಗವಾಗಿದ್ದರೂ ಇದು ಇಂದಿಗೂ ಬಲಿಪೂಜೆ (ಕಥೋಲಿಕರ ಮುಖ್ಯ ಆರಾಧನೆ, ಮಾಸ್) ನಡೆಯುವ ದೇವಾಲಯ. ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪು ಧರಿಸಿ, ಟೊಪ್ಪಿಗೆಯಿದ್ದರೆ ಪುರುಷರು ಅದನ್ನು ತೆಗೆದಿರಿಸಲಿ, ಮೊಬೈಲಿನ ಸದ್ದು ಅಡಗಿಸಿ. ಬಲಿಪೂಜೆಯ ಹೊತ್ತಿಗೆ ಒಳಗಿದ್ದರೆ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಅಡ್ಡಾಡುವುದಾಗಲಿ, ಚಿತ್ರ ತೆಗೆಯುವುದಾಗಲಿ ಬೇಡ. ಪರಮಪ್ರಸಾದ ಕಥೋಲಿಕರು ಮಾತ್ರ ಸ್ವೀಕರಿಸುವಂಥದು. ಇತರರು ತಮ್ಮ ಜಾಗದಲ್ಲೇ ಇದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಹೊರಬಂದ ಮೇಲೆ ಪಕ್ಕದಲ್ಲೇ ಸಂತ ಫ್ರಾನ್ಸಿಸ್ ಅಸ್ಸಿಸಿಯ ಚರ್ಚು, ಅದಕ್ಕೆ ಹೊಂದಿಕೊಂಡ ಪುರಾತತ್ವ ವಸ್ತುಸಂಗ್ರಹಾಲಯ ಇವೆ. ಶುಕ್ರವಾರ ಸಂಗ್ರಹಾಲಯಕ್ಕೆ ರಜೆ. ಸಮಯವಿದ್ದರೆ ಮಾಂಡವಿ ನದಿಯ ದಿಕ್ಕಿಗೆ ಸ್ವಲ್ಪ ನಡೆದು ಸಂತ ಕಾಜೆಟನ್ ಚರ್ಚಿನ ಎದುರಿಗೆ ಹೋಗಿ. ಆದಿಲ್‌ಶಾಹಿ ಅರಮನೆಯ ಬಾಗಿಲುವಾಡ ಮಾತ್ರ ಅಲ್ಲಿ ಒಂಟಿಯಾಗಿ ಉಳಿದಿದೆ. ವಿಜಯಪುರದ ಅರಸರು ಈ ಊರನ್ನು ಆಳಿದ್ದಕ್ಕೆ ಕಣ್ಣಿಗೆ ಕಾಣುವ ಗುರುತು ಅದು. ಆ ಕಂಬಗಳ ಬಳಿ ನಿಂತು ಆಮೇಲೆ ಬೆಸಿಲಿಕಾದತ್ತ ಹೊರಡಿ.