ರಾತ್ರಿ ಫೋನ್ ಮಾಡಿದವರಿಗೆ ಮೊದಲ ಪ್ರಶ್ನೆ: ಇವತ್ತು ಎಂತ ಪದಾರ್ಥ?

ನಾಲ್ಕು ವರ್ಷ ನಾನು ಮಂಗಳೂರಿನ ಒಂದು ಸಣ್ಣ ಸಮುದಾಯ ಬಾನುಲಿಯಲ್ಲಿ ಶನಿವಾರ ರಾತ್ರಿಯ ಫೋನ್-ಇನ್ ನಡೆಸಿದೆ. 10ರಿಂದ 11.30ರ ತನಕ. ದಿನನಿತ್ಯದ ಬದುಕು, ಆರೋಗ್ಯ, ಬಿಡುವಿನ ಹೊತ್ತು, ಇವೇ ಮಾತಿನ ವಿಷಯ. ಶುರುವಿನ ಎರಡು ತಿಂಗಳು ಫೋನೇ ಬರುತ್ತಿರಲಿಲ್ಲ. ಬಂದವರೂ ಒಂದು ಹಾಡು ಕೇಳಿ ಇಟ್ಟುಬಿಡುತ್ತಿದ್ದರು.

ತಪ್ಪು ನನ್ನದೇ. 'ಒತ್ತಡ ನಿರ್ವಹಣೆ', 'ಆರೋಗ್ಯಕರ ಜೀವನಶೈಲಿ', 'ಬಿಡುವಿನ ಸದುಪಯೋಗ' ಅಂತೆಲ್ಲ ವಿಷಯ ಇಡುತ್ತಿದ್ದೆ. ದುಡಿದು ದಣಿದು ಮಲಗಲು ಹೊರಟವರಿಗೆ ಅದು ಪರೀಕ್ಷೆಯ ಪ್ರಶ್ನೆಯ ಹಾಗೆ ಕೇಳಿಸುತ್ತದೆ, ಅಲ್ವಾ?

ಒಂದು ಶನಿವಾರ ಅತಿಥಿ ಡಾಕ್ಟರು ಬರುವುದು ತಡವಾಯಿತು. ಲೈನಿನಲ್ಲಿ ಒಬ್ಬರು ಅಕ್ಕ ಕಾಯುತ್ತಿದ್ದರು. ಹೊತ್ತು ಕಳೆಯಲಿ ಅಂತ ಸುಮ್ನೆ ಕೇಳಿದೆ: "ಊಟ ಆಯ್ತಾ ಅಕ್ಕ? ಇವತ್ತು ಎಂತ ಪದಾರ್ಥ?" ನಮ್ಮ ಕಡೆ ಪದಾರ್ಥ ಅಂದ್ರೆ ಅನ್ನದ ಜೊತೆ ತಿನ್ನುವ ಸಾರು, ಪಲ್ಯ.

"ಒಬ್ಬಳಿಗೆ ಎಂತ ಪದಾರ್ಥ ಮಾಡುವುದು ಮಾರಾಯ್ರೇ? ಗಂಜಿ, ಒಣಮೀನಿನ ಚಟ್ನಿ."

ಅಷ್ಟೇ ಸಾಕಾಯಿತು. ಮಗ ದುಬೈಯಲ್ಲಿದ್ದಾನೆ ಅಂದರು. ನಮ್ಮ 10 ಗಂಟೆ ಅಂದ್ರೆ ಅಲ್ಲಿ 8.30. ಅವನು ಕೆಲಸ ಮುಗಿಸಿ ಫೋನ್ ಮಾಡುವ ತನಕ ಬೀಡಿ ಕಟ್ಟುತ್ತಾ ಕೂರುತ್ತಾರೆ. ಬಿಪಿ ಮಾತ್ರೆ ತಿಂದರೂ ಬಿಪಿ ಇಳಿಯುವುದಿಲ್ಲ ಅಂದರು. ಅಷ್ಟರಲ್ಲಿ ಡಾಕ್ಟರು ಬಂದು ಕೂತಿದ್ದರು. ಅವರು ಮಾತ್ರೆಯ ಸುದ್ದಿಗೆ ಹೋಗಲಿಲ್ಲ. "ಒಣಮೀನು ವಾರಕ್ಕೆ ಎಷ್ಟು ಸಲ? ಗಂಜಿ ಜೊತೆ ಉಪ್ಪಿನಕಾಯಿಯೂ ಉಂಟಾ?" ಅಂತ ಕೇಳಿದರು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಹೆಚ್ಚೆಂದರೆ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಒಣಮೀನಿನ ಉಪ್ಪೂ ಅದರಲ್ಲೇ ಸೇರಬೇಕು. ಒಣಮೀನನ್ನು ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿದರೆ ಉಪ್ಪು ಸ್ವಲ್ಪ ಇಳಿಯುತ್ತದೆ, ಆದರೂ ದಿನಾ ಬೇಡ ಅಂದರು. ಆ ರಾತ್ರಿ ಲೈನ್ ಬಿಡುವೇ ಆಗಲಿಲ್ಲ. ಎಲ್ಲರೂ ತಮ್ಮ ಮನೆಯ ಪದಾರ್ಥ ಹೇಳುವವರೇ.

ಅಲ್ಲಿಂದ ನಾನು ವಿಷಯ ಇಡುವುದನ್ನೇ ಬಿಟ್ಟೆ. ವಾರಕ್ಕೊಂದು ಸಣ್ಣ ಪ್ರಶ್ನೆ, ಅಷ್ಟೇ. 'ಇವತ್ತಿನ ಕೊನೆಯ ಚಾ ಎಷ್ಟು ಗಂಟೆಗೆ?' ಈ ಪ್ರಶ್ನೆಗೆ ನೈಟ್ ಶಿಫ್ಟಿನ ನರ್ಸ್‌ಗಳು, ರಿಕ್ಷಾದವರು ಎಲ್ಲ ಫೋನ್ ಮಾಡಿದರು. ಚಾ ಕುಡಿದು 5 ಗಂಟೆ ಕಳೆದರೂ ಅದರ ಕೆಫೀನ್ ಸುಮಾರು ಅರ್ಧ ದೇಹದಲ್ಲಿ ಉಳಿದಿರುತ್ತದೆ ಅಂತ ಡಾಕ್ಟರು ಹೇಳಿದಾಗ, ತಮಗೆ ಯಾಕೆ ನಿದ್ದೆ ಬರುವುದಿಲ್ಲ ಅಂತ ಅವರೇ ಲೆಕ್ಕ ಹಾಕತೊಡಗಿದರು. 'ನಿದ್ರಾಹೀನತೆ' ಅಂತ ಹೆಸರಿಟ್ಟಿದ್ದರೆ ಇವರಲ್ಲಿ ಒಬ್ಬರೂ ಬರುತ್ತಿರಲಿಲ್ಲ, ಅದು ಗ್ಯಾರಂಟಿ.

ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟುಗಳ ಮೀನುಗಾರಿಕೆ ಬಂದ್. ಆಗ ದಕ್ಕೆಯ, ಅಂದರೆ ಮೀನುಗಾರಿಕೆ ಬಂದರಿನ, ಕಡೆಯವರ ಫೋನ್ ಜಾಸ್ತಿ. ಬಿಡುವಿನಲ್ಲಿ ಎಂತ ಮಾಡ್ತೀರಿ ಅಂತ ಕೇಳಿದರೆ ಬಲೆ ರಿಪೇರಿ, ಕೇರಂ, ಮಕ್ಕಳ ಪಾಠ ಅಂತ ಹೇಳುತ್ತಿದ್ದರು. ಒಬ್ಬರು ಮಾತ್ರ ಬಹಳ ಹೊತ್ತು ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ. ಕೊನೆಗೆ "ಅಲುಗಾಡದ ಹಾಸಿಗೆಯಲ್ಲಿ ನಿದ್ದೆ ಬರುವುದಿಲ್ಲ ಅಣ್ಣ" ಅಂದರು. ರೇಡಿಯೋದಲ್ಲಿ ಐದು ಸೆಕೆಂಡಿನ ಮೌನ ಬಹಳ ಉದ್ದ. ಅದನ್ನು ತುಂಬಿಸಲು ಹೊರಟಿದ್ದರೆ ಆ ಮಾತು ನನಗೆ ಸಿಗುತ್ತಲೇ ಇರಲಿಲ್ಲ.

ಭಾಷೆಯನ್ನೂ ಬಿಗಿ ಹಿಡಿಯಬಾರದು. 1976ರಲ್ಲಿ ಶುರುವಾದ ಮಂಗಳೂರು ಆಕಾಶವಾಣಿಯಲ್ಲಿ ಕನ್ನಡದ ಜೊತೆ ತುಳು, ಕೊಂಕಣಿ ಕೇಳಿಯೇ ಬೆಳೆದವರು ನಾವು. ಊಟ ಆಯ್ತಾ ಅನ್ನುವುದನ್ನೇ "ಒಣಸ್ ಆಂಡಾ?" ಅಂತ ತುಳುವಿನಲ್ಲಿ ಕೇಳಿದರೆ ದನಿಯೇ ಬದಲಾಗುತ್ತದೆ. ಅವರ ಮಾತನ್ನು ಮತ್ತೆ ಒಂದೇ ವಾಕ್ಯದಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೆ. ಇನ್ನೊಂದು ಕಾರಣಕ್ಕೂ ಅದು ಬೇಕಿತ್ತು. ಸಾಮಾನ್ಯ ಫೋನ್ ಲೈನಿನಲ್ಲಿ 300ರಿಂದ 3,400 ಹರ್ಟ್ಸ್ ತನಕದ ಸದ್ದು ಮಾತ್ರ ದಾಟುತ್ತದೆ. ಅದಕ್ಕಿಂತ ಮೇಲಿನ ಚೂಪು ಸದ್ದು ಬರುವುದಿಲ್ಲ, ಹಾಗಾಗಿ 'ಸ', 'ಫ' ಒಂದೇ ಥರ ಕೇಳಿಸುತ್ತವೆ.

ಯಂತ್ರದ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಫೋನ್ ಮಾಡಿದವರ ಪಕ್ಕ ರೇಡಿಯೋ ಜೋರಾಗಿದ್ದರೆ ಕಿವಿ ಒಡೆಯುವ ಕೂಗು ಬರುತ್ತದೆ, ಹಾಗಾಗಿ ಲೈನಿಗೆ ತರುವ ಮೊದಲೇ ಸೌಂಡ್ ಕಮ್ಮಿ ಮಾಡಿಸಬೇಕು. ಮೈಕಿಗೂ ಬಾಯಿಗೂ ಒಂದು ಗೇಣು ದೂರ, ಸ್ವಲ್ಪ ಓರೆ. ಸಮುದಾಯ ಬಾನುಲಿಗೆ ಸಾಮಾನ್ಯವಾಗಿ ಸಿಗುವ ಪ್ರಸಾರ ಶಕ್ತಿ 100 ವ್ಯಾಟ್. ಮಂಗಳೂರಿನ ಗುಡ್ಡಗಳ ಆಚೆ, ತಗ್ಗಿನಲ್ಲಿ ಮನೆ ಇದ್ದವರಿಗೆ ಅದು ಸರಿಯಾಗಿ ಕೇಳುವುದಿಲ್ಲ. ಅವರ ಹತ್ತಿರ ಕ್ಷಮೆ ಕೇಳಿದ್ದೇ ಕೇಳಿದ್ದು.

ಒಂದು ತಪ್ಪನ್ನು ಮಾತ್ರ ಹೇಳಲೇಬೇಕು. ಒಬ್ಬರು ಫೋನ್ ಮಾಡಿ, ಹಾಗಲಕಾಯಿ ರಸ ಕುಡಿದು ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟೆ, ಆರಾಮ ಇದ್ದೇನೆ ಅಂದರು. ಆ ದಿನ ಡಾಕ್ಟರು ಇರಲಿಲ್ಲ. ನಾನು "ಒಳ್ಳೆಯದಾಯ್ತು" ಅಂತ ಮುಂದಿನ ಫೋನಿಗೆ ಹೋದೆ. ಎರಡು ವಾರದ ನಂತರ ಒಬ್ಬ ಹುಡುಗ ಫೋನ್ ಮಾಡಿದ. ಅದನ್ನು ಕೇಳಿ ಅವನ ಅಮ್ಮ ಮಾತ್ರೆ ನಿಲ್ಲಿಸಿದ್ದರು, ಶುಗರ್ ಏರಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಅವರು ಹುಷಾರಾಗಿ ಮನೆಗೆ ಬಂದರು. ಆ ಹುಡುಗನ ದನಿ ಮಾತ್ರ ನನಗೆ ಇನ್ನೂ ಮರೆತಿಲ್ಲ. ಮುಂದಿನ ಶನಿವಾರ ಮೊದಲ ಕೆಲಸವಾಗಿ ತಪ್ಪು ಒಪ್ಪಿಕೊಂಡೆ. ಆಮೇಲೆ ಡಾಕ್ಟರಿಲ್ಲದ ದಿನ ಔಷಧಿಯ ಮಾತನ್ನೇ ಎತ್ತಲಿಲ್ಲ. ಯಾರಾದರೂ ಎತ್ತಿದರೆ, ನಡುವೆ ಬಾಯಿ ಹಾಕಿಯಾದರೂ "ನಿಮ್ಮ ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬೇಡಿ" ಅಂತ ಹೇಳಿಯೇ ಮುಂದೆ ಹೋಗುತ್ತಿದ್ದೆ. ಮರ್ಯಾದೆ ಸ್ವಲ್ಪ ಕಮ್ಮಿಯಾದರೂ ಪರವಾಗಿಲ್ಲ.

11.30ಕ್ಕೆ ಮೈಕ್ ಬಂದ್. ಆದರೆ ನಾನು ಇನ್ನೂ ಅರ್ಧ ಗಂಟೆ ಫೋನಿನ ಹತ್ತಿರ ಕೂರುತ್ತಿದ್ದೆ. ನಾಲ್ಕು ಜನ ಕೇಳುವಾಗ ಹೇಳಲಾಗದ್ದು ಕೆಲವರಿಗೆ ಇರುತ್ತದೆ. ಮನಸ್ಸು ತುಂಬಾ ಕುಸಿದವರಿಗೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ನಂಬರ್ 14416 ಬರೆದುಕೊಳ್ಳಲು ಹೇಳುತ್ತಿದ್ದೆ. ಅದು ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಂಬರ್ ಕೊಟ್ಟ ಕೂಡಲೇ ಫೋನ್ ಇಡುತ್ತಿರಲಿಲ್ಲ. ಅವರು ಅದನ್ನು ಓದಿ ಹೇಳುವ ತನಕ ಕಾಯುತ್ತಿದ್ದೆ.

ಕೊನೆಯ ಫೋನ್ ಹೆಚ್ಚಾಗಿ ಕೂಳೂರಿನ ಒಬ್ಬರು ವಾಚ್‌ಮನ್ ಅವರದು. ಬೆಳಿಗ್ಗೆ 6ರ ತನಕ ಅವರ ಡ್ಯೂಟಿ. ಮಾತಾಡಲು ವಿಷಯ ಇರುವುದಿಲ್ಲ. ನಿಮ್ಮಲ್ಲಿ ಮಳೆ ಉಂಟಾ ಅಂತ ಕೇಳುತ್ತಿದ್ದೆ. "ಇಲ್ಲಿ ಹನಿ ಶುರುವಾಯ್ತು. ನೀವು ಸ್ಕೂಟರ್ ಅಲ್ವಾ, ಬೇಗ ಹೊರಡಿ" ಅನ್ನುತ್ತಿದ್ದರು.