ಊರಿನ ನಕ್ಷೆಯಲ್ಲಿ ಮೊದಲು ಬಂದದ್ದು ನಾಯಿ

ಅಂಗನವಾಡಿಗೆ ಸೇರಿದ ಹೊಸದರಲ್ಲಿ ನಾನು ಗೋಡೆಗೆ ದೊಡ್ಡದೊಂದು ಭಾರತದ ಭೂಪಟ ತೂಗುಹಾಕಿದ್ದೆ. ಬಣ್ಣಬಣ್ಣವಾಗಿ ಚೆನ್ನಾಗಿ ಕಾಣುತ್ತಿತ್ತು. 'ಇದು ಭಾರತ, ಇದು ಕರ್ನಾಟಕ' ಎಂದು ಕೋಲಿಟ್ಟು ತೋರಿಸಿದರೆ ಮಕ್ಕಳು ರಾಗ ಎಳೆದು ಹೇಳುತ್ತಿದ್ದರು. ನೋಡಲು ಬಂದವರೆಲ್ಲ ಭೇಷ್ ಅಂದರು. ಒಂದು ದಿನ ಸುಮ್ನೆ ಕೇಳಿದೆ, 'ಹಾಗಾದ್ರೆ ನಮ್ಮೂರು ಎಲ್ಲಿದೆ, ತೋರಿಸಿ ನೋಡೋಣ.' ಅವತ್ತು ಬಂದಿದ್ದ 18 ಮಕ್ಕಳೂ ಬಾಗಿಲ ಕಡೆ ಕೈ ತೋರಿಸಿದರು.

ತಪ್ಪೇನಿಲ್ಲ. ಊರು ಇರುವುದು ಬಾಗಿಲಾಚೆಯೇ ಅಲ್ವಾ. ನಾನೇ ಭೂಪಟವನ್ನು ಸುತ್ತಿ ಬೀರುವಿನ ಮೇಲಿಟ್ಟೆ. ಅದು ಈಗಲೂ ಅಲ್ಲೇ ಇದೆ.

ನಮ್ಮದು ತಿಪಟೂರು ತಾಲ್ಲೂಕಿನ ಒಂದು ಸಣ್ಣ ಊರು. ಸುತ್ತ ತೆಂಗಿನ ತೋಟ, ನಡುವೆ ನೂರಿಪ್ಪತ್ತು ಮನೆ. ನನ್ನ ಹತ್ತಿರ ಬರುವವರು ಮೂರರಿಂದ ಆರು ವರ್ಷದ ಮಕ್ಕಳು. ಜೊತೆಗೆ ಅಕ್ಕನ ಸೆರಗು ಬಿಡದ ಎರಡೂವರೆ ವರ್ಷದ ಒಬ್ಬರೋ ಇಬ್ಬರೋ ಇದ್ದೇ ಇರುತ್ತಾರೆ. ಇಷ್ಟು ಚಿಕ್ಕವರಿಂದ ಊರಿನ ನಕ್ಷೆ ಹಾಕಿಸುವುದು ಯಾಕೆ ಎಂದು ಕೇಳುವವರಿದ್ದಾರೆ. ಒಬ್ಬರು ತಂದೆ ಬಂದು, 'ಮಣ್ಣಲ್ಲಿ ಗೀಚಿಸೋದು ಬಿಟ್ಟು ಎಬಿಸಿಡಿ ಹೇಳ್ಕೊಡಿ ಮೇಡಂ' ಅಂತ ಬೇಸರ ಮಾಡಿಕೊಂಡು ಹೋದರು. ಅಕ್ಷರ ಬರೆಯಲೂ ಮೇಲೆ ಯಾವುದು, ಕೆಳಗೆ ಯಾವುದು, ಗೆರೆ ಯಾವ ಕಡೆ ತಿರುಗುತ್ತದೆ ಅನ್ನುವುದು ಗೊತ್ತಿರಬೇಕು ಎಂದು ನಾನು ಹೇಳಿದ್ದು ಅವರಿಗೆ ಹಿಡಿಸಲಿಲ್ಲ. ಇರಲಿ.

ಈ ಯೋಚನೆ ನನಗೆ ಹೊಳೆದದ್ದು ರಂಗೋಲಿಯಿಂದ. ನಮಗೆ ತರಬೇತಿಯಲ್ಲಿ ಊರಿನ ನಕ್ಷೆಯನ್ನು ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಹಾಕಿಸಿದ್ದರು. ರಸ್ತೆಗೆ ಬಿಳಿ, ತೋಟಕ್ಕೆ ಹಸಿರು, ಗರ್ಭಿಣಿ ಇರುವ ಮನೆಗೆ ಒಂದು ಕಾಳು, ಸಣ್ಣ ಮಗು ಇರುವ ಮನೆಗೆ ಇನ್ನೊಂದು ಕಾಳು. ಪಿಆರ್‌ಎ ಅಂತ ಇದಕ್ಕೆ ಹೆಸರು, ಊರಿನವರೇ ಸೇರಿ ತಮ್ಮೂರಿನ ವಿವರ ಗುರುತಿಸುವ ವಿಧಾನ. 1990ರ ಸುಮಾರಿಗೆ ಮೈರಾಡದಂಥ ಸ್ವಯಂಸೇವಾ ಸಂಸ್ಥೆಗಳು ನಮ್ಮ ಕಡೆಯ ಹಳ್ಳಿಗಳಲ್ಲಿ ಇದನ್ನು ತುಂಬ ಮಾಡಿಸಿದವು. ನಾವು ನಮ್ಮೂರಲ್ಲಿ ಹಾಕಿದಾಗ ಒಂದು ತಮಾಷೆ ನೋಡಿದೆ. ಪೆನ್ನು ಹಿಡಿಯದ ಅಜ್ಜಿಯರು ಕೂಡ ಕುಕ್ಕರುಗಾಲಲ್ಲಿ ಕೂತು, 'ಏ, ಆ ಓಣಿ ಅಷ್ಟು ನೆಟ್ಟಗಿಲ್ಲ ಕಣೇ' ಎಂದು ಪುಡಿ ಅಳಿಸಿ ತಿದ್ದುತ್ತಿದ್ದರು. ಓದು ಬಾರದ ಅಜ್ಜಿಗೆ ಬರುವುದಾದರೆ ಓದು ಬಾರದ ಮೊಮ್ಮಗಳಿಗೂ ಬರಬೇಕು ಅನಿಸಿತು.

ಮೊದಲ ತೊಡಕು ಮೇಲಿನಿಂದ ನೋಡುವುದು. ಮಗುವಿಗೆ ಮನೆ ಬರೆ ಅಂದರೆ ಬಾಗಿಲು, ಕಿಟಕಿ, ಮೇಲೊಂದು ಮಾಡು ಬರೆಯುತ್ತದೆ. ಅದು ಎದುರಿನಿಂದ ಕಂಡ ಮನೆ. ನಕ್ಷೆಯಲ್ಲಿ ಮನೆ ಬರೀ ಒಂದು ಚೌಕ. ಇದನ್ನು ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ. ನಾನು ಹಳೇ ನ್ಯೂಸ್ ಪೇಪರ್ ಹಾಸಿ ಅದರ ಮೇಲೆ ಚೊಂಬು, ಲೋಟ, ಬೆಂಕಿಪೊಟ್ಟಣ, ಚಪ್ಪಲಿ, ಸೌಟು ಇಟ್ಟು ಸುತ್ತಲೂ ಸ್ಕೆಚ್ ಪೆನ್ನಲ್ಲಿ ಗೆರೆ ಎಳೆದೆ. ಸಾಮಾನು ತೆಗೆದು ಬುಟ್ಟಿಗೆ ಹಾಕಿ, ಯಾವುದರ ಮನೆ ಯಾವುದು ಎಂದು ಕೇಳಿದೆ. ಚಪ್ಪಲಿ, ಸೌಟು ತಕ್ಷಣ ಸಿಕ್ಕವು. ಜಗಳ ಆದದ್ದು ಚೊಂಬು ಮತ್ತು ಲೋಟಕ್ಕೆ, ಎರಡೂ ಗುಂಡಗೆ. ನಾಲ್ಕು ವರ್ಷದ ಒಬ್ಬಳು ಲೋಟವನ್ನು ದೊಡ್ಡ ವೃತ್ತದಲ್ಲಿಟ್ಟಳು. ಬಗ್ಗಿ ನೋಡಿದಳು. ಸುತ್ತ ಜಾಗ ಉಳಿದಿತ್ತು. ಯಾರೂ ಏನೂ ಹೇಳುವ ಮೊದಲೇ ಲೋಟ ತೆಗೆದು ಚೊಂಬು ಇಟ್ಟು, 'ಇದು ಇದರ ಮನೆ' ಅಂದಳು. ಆಮೇಲೆ ಒಬ್ಬೊಬ್ಬರನ್ನೇ ಸ್ಟೂಲಿನ ಮೇಲೆ ನಿಲ್ಲಿಸಿದೆವು. ಆಯಮ್ಮ ಕೈ ಹಿಡಿದುಕೊಂಡಿದ್ದರು. ಕೆಳಗೆ ಚೊಂಬು. ಏನು ಕಾಣುತ್ತೆ ಅಂದರೆ, 'ಬಾಯಿ ಮಾತ್ರ ಕಾಣ್ತದೆ ಮಿಸ್, ಹೊಟ್ಟೆ ಸ್ವಲ್ಪ' ಎಂದು ಒಬ್ಬ. ಇಡೀ ವಾರ ಇದೇ ಆಟ.

ಎರಡನೇ ವಾರ ದಿಕ್ಕು. ಪೂರ್ವ ಪಶ್ಚಿಮ ಉತ್ತರ ದಕ್ಷಿಣ ಅಂತ ಕಂಠಪಾಠ ಮಾಡಿಸಿದರೆ ಮಾಡುತ್ತಾರೆ, ಆದರೆ ಕೈ ಮಾತ್ರ ಮೇಲಕ್ಕೆ ಹೋಗುತ್ತದೆ. ಮನೆಯಲ್ಲಿ ಅವರು ಕೇಳುವ ಮಾತೇ ಬೇರೆ. 'ಮೂಡ್ಲು ತೋಟಕ್ಕೆ ನೀರು ಬಿಟ್ಟೆಯಾ', 'ಪಡುವ್ಲು ಹೊಲದ ಬದು'. ಹಾಗಾಗಿ ಮೂಡಲು, ಪಡುವಲು, ತೆಂಕಲು, ಬಡಗಲು ಎಂದೇ ಶುರು ಮಾಡಿದೆ. ಹೊಲದ ಪತ್ರದಲ್ಲಿ ಚಕ್ಕುಬಂದಿ ಬರೆಯುತ್ತಾರಲ್ಲ, ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ ಅಂತ, ಅದನ್ನೇ ಆಟ ಮಾಡಿಕೊಂಡೆವು. ಒಬ್ಬರು ಕೋಣೆಯ ನಡುವೆ ನಿಲ್ಲಬೇಕು, ತಮ್ಮ ಚಕ್ಕುಬಂದಿ ಹೇಳಬೇಕು. ಮೂಡ್ಲಿಗೆ ಬಾಗಿಲು, ಪಡುವ್ಲಿಗೆ ಬೀರು, ಬಡಗ್ಲಿಗೆ ಗೋಡೆ, ತೆಂಕ್ಲಿಗೆ ಆಯಮ್ಮ. ಅಷ್ಟರಲ್ಲಿ ಉಪ್ಪಿಟ್ಟು ತಳ ಹತ್ತುತ್ತದೆ ಎಂದು ಆಯಮ್ಮ ಎದ್ದು ಅಡುಗೆಮನೆಗೆ ಹೋದರು. 'ಮಿಸ್, ಚಕ್ಕುಬಂದಿ ಓಡ್ಹೋಯ್ತು' ಎಂದು ಒಂದೇ ಗದ್ದಲ. ಓಡಾಡುವುದನ್ನು ಚಕ್ಕುಬಂದಿಗೆ ಇಡಬಾರದು ಎಂಬ ಕಾನೂನನ್ನು ಅವರೇ ಮಾಡಿದರು.

ಎಡ ಬಲಕ್ಕೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಮೊದಲು 'ಊಟದ ಕೈ ಬಲಗೈ' ಎಂದು ಹೇಳಿಕೊಡುತ್ತಿದ್ದೆ. ಒಬ್ಬಳು ಎಡಚಿ, ಅವಳ ಊಟದ ಕೈ ಎಡಗೈ. ತಿಂಗಳುಗಟ್ಟಲೆ ತಪ್ಪು ಹೇಳಿಕೊಟ್ಟಿದ್ದೆ ಅಂತ ಆಮೇಲೆ ಗೊತ್ತಾಯಿತು. ಈಗ 'ಗಿರಣಿ ಕಡೆ ತಿರುಗು', 'ಗುಡಿ ಕಡೆ ತಿರುಗು' ಅಷ್ಟೇ. ಐದು ದಾಟಿದ ಮೇಲೆ ಎಡ ಬಲ ತಾನಾಗಿ ಬರುತ್ತದೆ.

ಆಮೇಲೆ ಪೆಟ್ಟಿಗೆಯ ಆಟ. ಒಂದು ತರಬೇತಿಯಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಜೂಡಿ ಡಿಲೋಚ್ 1987ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆ ಹೇಳಿದ್ದರು. ಒಂದು ಕೋಣೆ, ಅದರದ್ದೇ ಪುಟ್ಟ ಮಾದರಿ. ಮಗುವಿನ ಕಣ್ಣೆದುರೇ ಪುಟ್ಟ ಬೊಂಬೆಯನ್ನು ಮಾದರಿಯಲ್ಲಿ ಅಡಗಿಸುತ್ತಾರೆ. ದೊಡ್ಡ ಬೊಂಬೆ ದೊಡ್ಡ ಕೋಣೆಯಲ್ಲಿ ಅದೇ ಜಾಗದಲ್ಲಿದೆ, ಹುಡುಕು ಅನ್ನುತ್ತಾರೆ. ಮೂರು ವರ್ಷದ ಮಕ್ಕಳಲ್ಲಿ ಹೆಚ್ಚಿನವರು ನೇರ ಹೋಗಿ ತೆಗೆದರು. ಎರಡೂವರೆ ವರ್ಷದ ಹೆಚ್ಚಿನವರಿಗೆ ಆಗಲಿಲ್ಲ. ಬರೀ ಆರು ತಿಂಗಳ ಅಂತರ. ನನಗೆ ನಂಬಿಕೆ ಬರಲಿಲ್ಲ, ಮಾಡಿಯೇ ನೋಡೋಣ ಅಂದುಕೊಂಡೆ.

ಒಂದು ಶೂ ಡಬ್ಬದಲ್ಲಿ ನಮ್ಮ ಕೋಣೆ ಮಾಡಿದೆ. ಬೀರುವಿಗೆ ಟೂತ್‌ಪೇಸ್ಟ್ ಪೆಟ್ಟಿಗೆಯ ತುಂಡು, ತೂಕದ ಮಷಿನ್‌ಗೆ ಬಟನ್, ಗ್ಯಾಸ್ ಸಿಲಿಂಡರಿಗೆ ಕೆಂಪು ಕಾಗದ ಸುತ್ತಿದ ಬ್ಯಾಟರಿ ಸೆಲ್, ಚಾಪೆಗೆ ಚಾಪೆಯದೇ ತುಂಡು. ಹೆಬ್ಬೆರಳಷ್ಟು ಬಟ್ಟೆ ಬೊಂಬೆ ಒಂದು, ಮೊಳದುದ್ದದ್ದು ಇನ್ನೊಂದು. ನಾಲ್ಕು ವರ್ಷದವರಿಗೆ ನೀರು ಕುಡಿದಷ್ಟು ಸುಲಭ. ಮೂರೂವರೆಯ ಒಬ್ಬ ಬೀರುವಿನ ಹಿಂದೆ ಕೈ ಹಾಕಿ ಎಳೆದು ತಂದು, ಇದೇನು ಮಹಾ ಅನ್ನುವ ಮುಖ ಮಾಡಿದ. ಎರಡೂವರೆಯ ಪುಟ್ಟಿ ಮಾತ್ರ ಸಿಲಿಂಡರ್, ಚಾಪೆ, ನನ್ನ ಬ್ಯಾಗು, ಎಲ್ಲ ಕಡೆ ನೋಡಿದಳು. ಮರೆತಿದ್ದಾಳೋ ಅಂದರೆ ಅದೂ ಅಲ್ಲ. ಡಬ್ಬದ ಹತ್ತಿರ ಕರೆದರೆ ಪುಟ್ಟ ಬೊಂಬೆಯನ್ನು ಸರಿಯಾದ ಜಾಗದಿಂದಲೇ ತೆಗೆದಳು. ಅವಳಿಗೆ ಡಬ್ಬ ಡಬ್ಬವೇ, ಕೋಣೆ ಕೋಣೆಯೇ. ಇದು ಅದನ್ನು ಹೇಳುತ್ತಿದೆ ಅನ್ನುವುದು ಇನ್ನೂ ಹೊಳೆದಿಲ್ಲ.

ಇಲ್ಲೊಂದು ಮಾತು, ಮಾಡಿ ನೋಡುವವರಿಗೆ ಉಪಯೋಗಕ್ಕೆ ಬರುತ್ತದೆ. ಮಕ್ಕಳು ಮೊದಲು ಡಬ್ಬದ ಜೊತೆ ಆಡಿಕೊಳ್ಳಲಿ, ಆಮೇಲೆ ಹುಡುಕಲಿ ಎಂದು ಯಾರಿಗಾದರೂ ಅನಿಸುತ್ತದೆ. ಡಿಲೋಚ್ ಅವರು ಕಂಡದ್ದು ತಿರುಗುಮುರುಗು. ಮೊದಲೇ ಮಾದರಿಯಲ್ಲಿ ಆಡಿದ ಮೂರು ವರ್ಷದವರು ಹುಡುಕುವುದರಲ್ಲಿ ಹಿಂದೆ ಬಿದ್ದರು. ಅದು ಅವರಿಗೆ ಆಟಿಕೆ ಆಗಿಬಿಟ್ಟಿತ್ತು. ಮಾದರಿಯನ್ನು ಗಾಜಿನ ಹಿಂದಿಟ್ಟು ಮುಟ್ಟಲು ಬಿಡದಿದ್ದಾಗ ಎರಡೂವರೆಯವರೂ ಸುಧಾರಿಸಿದರು. ಹಾಗಾಗಿ ನಾನು ಹುಡುಕುವ ಆಟ ಮುಗಿಯುವವರೆಗೆ ಡಬ್ಬವನ್ನು ಕೈಗೆ ಕೊಡುವುದಿಲ್ಲ. ಮುಗಿದ ಮೇಲೆ ಕೊಟ್ಟರೆ ಹದಿನೈದು ನಿಮಿಷದಲ್ಲಿ ಬೀರು ಚಪ್ಪಟೆ.

ಇಷ್ಟಾದ ಮೇಲೆ ಊರೊಳಗೆ ನಡಿಗೆ. ಗಂಟು ಹಾಕಿದ ಉದ್ದ ಹಗ್ಗ, ಗಂಟಿಗೊಂದು ಮಗು, ಮುಂದೆ ನಾನು, ಹಿಂದೆ ಆಯಮ್ಮ. ಹಿಟ್ಟಿನ ಗಿರಣಿ, ಆಂಜನೇಯನ ಗುಡಿ, ಅರಳಿಕಟ್ಟೆ, ಹಾಲಿನ ಡೈರಿ, ಓವರ್‌ಹೆಡ್ ಟ್ಯಾಂಕು. ನನ್ನ ಫೋನಿಗೆ ನೆಟ್‌ವರ್ಕ್ ಸಿಗುವುದು ಅರಳಿಕಟ್ಟೆಯ ಹತ್ತಿರ ಮಾತ್ರ, ಅದಕ್ಕೇ ಅಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಂತೆವು. ಒಂದೊಂದು ಕಡೆಯೂ ಒಂದು ಗುರುತು ಎತ್ತಿಕೊಂಡೆವು. ಗಿರಣಿಯಿಂದ ಕಾಗದದಲ್ಲಿ ಚಿಟಿಕೆ ರಾಗಿಹಿಟ್ಟು, ಗುಡಿಯಿಂದ ದಾಸವಾಳ, ಕಟ್ಟೆಯಿಂದ ಅರಳಿ ಎಲೆ, ಡೈರಿಯವರು ಕೊಟ್ಟ ಹಳೇ ಚೀಟಿ, ಟ್ಯಾಂಕಿನ ಬುಡದ ಒದ್ದೆ ಕಲ್ಲು.

ವಾಪಸ್ ಬಂದು ಅದೇ ಹಗ್ಗವನ್ನು ನೆಲಕ್ಕೆ ಹಾಕಿ, ನಡೆದ ಹಾಗೇ ಜೋಡಿಸಿ ಅಂದೆ. ಕ್ರಮ ಒಂದೂ ತಪ್ಪಲಿಲ್ಲ. ಅಂತರ ಮಾತ್ರ ವಿಚಿತ್ರವಾಗಿತ್ತು. ಗಿರಣಿಯಿಂದ ಗುಡಿಗೆ ನನ್ನ ಲೆಕ್ಕದಲ್ಲಿ 40 ಹೆಜ್ಜೆ, ಇಡೀ ದಾರಿಯಲ್ಲಿ ತೀರಾ ಗಿಡ್ಡ. ಮಕ್ಕಳು ಅಲ್ಲಿ ಅರ್ಧ ಹಗ್ಗ ಬಿಟ್ಟಿದ್ದರು. ಯಾಕ್ರೋ ಇಷ್ಟು ದೂರ ಅಂದೆ. 'ಅಲ್ಲಿ ನಾಯಿ ಐತೆ ಮಿಸ್' ಅಂದ ಒಬ್ಬ. ಗಿರಣಿ ಪಕ್ಕದ ಜಗುಲಿ ಕೆಳಗೆ ಮಲಗುವ ಕಂದು ನಾಯಿ. ಕಚ್ಚುವುದಿಲ್ಲ, ತಲೆ ಎತ್ತಿ ನೋಡುತ್ತದೆ ಅಷ್ಟೇ. ಆ 40 ಹೆಜ್ಜೆ ಅವರಿಗೆ ಎಷ್ಟು ಉದ್ದವಾಗಿರಬೇಕು! ನಾನು ತಿದ್ದಲಿಲ್ಲ.

ಮಾರನೇ ದಿನ ಅಂಗಳದಲ್ಲಿ ರಂಗೋಲಿ ನಕ್ಷೆ. ಎಲ್ಲಿಂದ ಶುರು ಮಾಡೋಣ ಅಂದರೆ ಎಲ್ಲರೂ ಒಂದೇ ಬಾಯಲ್ಲಿ 'ನಾಯಿ'. ಓಡಾಡುವುದನ್ನು ಇಡಬಾರದು ಅಂತ ನೀವೇ ಹೇಳಿದ್ದಿರಲ್ಲ ಎಂದು ನೆನಪಿಸಿದೆ. ಒಂದು ನಿಮಿಷ ಯೋಚನೆ. ಆಮೇಲೆ ಎಡಚಿ ಹುಡುಗಿ, 'ಅದು ಓಡಾಡಲ್ಲ ಮಿಸ್, ಯಾವಾಗ್ಲೂ ಅಲ್ಲೇ ಇರ್ತದೆ' ಅಂದಳು. ವಾದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ತೆಂಗಿನ ಕರಟ ಒಂದನ್ನು ಕವುಚಿ ಹಾಕಿ ನಾಯಿ ಅಂದರು. ಅದು ಗುಡಿಗಿಂತ ದೊಡ್ಡದಿತ್ತು. ನಾಯಿಯಿಂದ ಗಿರಣಿ, ಗಿರಣಿಯಿಂದ ರಸ್ತೆ, ಹೀಗೆ ಊರು ಬೆಳೆಯಿತು.

ನಾನು ಎಡವಿದ್ದು ಇದಾದ ಮೇಲೆ. ಚೆನ್ನಾಗಿ ಬಂದಿದೆ, ಉಳಿಸಿಕೊಳ್ಳೋಣ ಎಂದು ಅದನ್ನೇ ಚಾರ್ಟಿನ ಮೇಲೆ ಬರೆದು ಗೋಡೆಗೆ ಅಂಟಿಸಿದೆ. ನೆಲದಲ್ಲಿ ಊರನ್ನು ಸಲೀಸಾಗಿ ಓದಿದ ಮಕ್ಕಳು ಗೋಡೆಯ ಮುಂದೆ ಪೆಚ್ಚಾದರು. 'ಟ್ಯಾಂಕು ಯಾಕೆ ಕೆಳಗಿದೆ ಮಿಸ್? ಅದು ಮೇಲಲ್ವಾ ಇರೋದು?' ಟ್ಯಾಂಕು ಊರಿನ ತೆಂಕಲಿಗಿದೆ, ಹಾಗಾಗಿ ಚಾರ್ಟಿನ ಕೆಳತುದಿಗೆ ಬಂದಿತ್ತು. ಗೋಡೆಯಲ್ಲಿ ಮೇಲೆ ಅಂದರೆ ಆಕಾಶ, ಕೆಳಗೆ ಅಂದರೆ ನೆಲ. ಉತ್ತರ ಯಾವಾಗಲೂ ಮೇಲಿರಬೇಕು ಅನ್ನುವುದು ದೊಡ್ಡವರ ರೂಢಿ, ಮಗುವಿಗೆ ಅದರಿಂದ ಏನೂ ಆಗಬೇಕಿಲ್ಲ. ಅವತ್ತಿನಿಂದ ಚಾರ್ಟು ನೆಲದ ಮೇಲೇ. ಅದೂ ನಕ್ಷೆಯ ಗುಡಿ ನಿಜವಾದ ಗುಡಿಯ ಕಡೆಗೇ ಇರುವಂತೆ ತಿರುಗಿಸಿ ಹಾಸುತ್ತೇನೆ. ಒಮ್ಮೆ ಬೇಕಂತಲೇ ತಲೆಕೆಳಗು ಮಾಡಿ, ಕಡಲೆಮಿಠಾಯಿ ಇಟ್ಟ ಜಾಗಕ್ಕೆ ಗುರುತು ಹಾಕಿದ್ದೆ. ನಾಲ್ಕು ವರ್ಷದವರೆಲ್ಲ ವಿರುದ್ಧ ದಿಕ್ಕಿಗೆ ಓಡಿದರು. ಐದೂವರೆಯ ಒಬ್ಬ ಮಾತ್ರ ತಾನೇ ಚಾರ್ಟನ್ನು ಸುತ್ತು ಹಾಕಿ ಬಂದು ನಿಂತು ನೋಡಿದ. ಮಿಠಾಯಿ ಅವನಿಗೇ ಸಿಕ್ಕಿತು.

ದಸರಾ ಕಳೆದು ನಾಲ್ಕೈದು ದಿನಕ್ಕೆ ರಾತ್ರಿಯಿಡೀ ಹಿಂಗಾರು ಮಳೆ. ಬೆಳಗ್ಗೆ ಬಂದರೆ ಅಂಗಳದ ರಂಗೋಲಿ ಊರು ಇಲ್ಲ, ಕರಟ ಚರಂಡಿಯಲ್ಲಿತ್ತು. ಮೂರು ವರ್ಷದ ಒಬ್ಬ ಅಳು ಶುರು ಮಾಡಿದ. ನಾನು ಹಾಲು ಬೆರೆಸಲು ಒಳಗೆ ಹೋಗಿ ಬರುವಷ್ಟರಲ್ಲಿ ದೊಡ್ಡ ಮಕ್ಕಳು ಪುಡಿ ಡಬ್ಬ ತೆಗೆದು ಮತ್ತೆ ಹಾಕುತ್ತಿದ್ದರು. ಕರಟ ತೊಳೆದು ಇಟ್ಟಿದ್ದರು. ಈ ಸಲ ಗಿರಣಿಗೂ ಗುಡಿಗೂ ನಡುವೆ ಅಂತರ ಸ್ವಲ್ಪ ಕಡಿಮೆಯಾಗಿತ್ತು. ಡೈರಿ ಹೋಗಿ ಸೊಸೈಟಿ ಅಂಗಡಿಯ ಪಕ್ಕ ಕೂತಿತ್ತು, ಅದಕ್ಕೆ ಅವರಲ್ಲೇ ಜಗಳ ನಡೆದಿತ್ತು. ಅಂಗನವಾಡಿಗೆ ಒಂದು ಬೆಂಕಿಪೊಟ್ಟಣ, ಒಳಗೆ ಸಾಲಾಗಿ ಹುಣಸೆಬೀಜ. ಇದು ನಾನು, ಇದು ಅವನು, ಇದು ಆಯಮ್ಮ.

'ಮತ್ತೆ ನಾನೆಲ್ಲಿ?' ಅಂದೆ.

ಎಡಚಿ ಹುಡುಗಿ ಅರಳಿಕಟ್ಟೆ ತೋರಿಸಿದಳು. ಎಲೆಯ ಪಕ್ಕ ಒಂಟಿ ಬೀಜ. 'ನೀವು ಫೋನ್ ಹಿಡ್ಕೊಂಡು ಯಾವಾಗ್ಲೂ ಅಲ್ಲೇ ಇರ್ತೀರಲ್ಲ ಮಿಸ್.'